ಕಾರಿನ ತೂಕ ಇಳಿಸಿದರೆ ಡ್ರ್ಯಾಗ್ ರೇಸಿನಲ್ಲಿ ಎಷ್ಟು ಲಾಭ? ಮಾಡಿ ನೋಡಿದವರು ಹೇಳಿ

ಕೇಳಿದವರು:
ನನ್ನದು 2002ರ ಹೋಂಡಾ ಸಿಟಿ, 1.5 ವಿಟೆಕ್, 106 ಎಚ್‌ಪಿ. ಎಂಜಿನ್ ಕಂಪನಿಯಿಂದ ಬಂದ ಹಾಗೇ ಇದೆ. ನಿಂತಲ್ಲಿಂದ ಹೊರಟು ನೇರಕ್ಕೆ ಓಡಿಸುವ ಡ್ರ್ಯಾಗ್ ಓಟದಲ್ಲಿ ಕ್ವಾರ್ಟರ್ ಮೈಲಿಗೆ, ಅಂದರೆ 402 ಮೀಟರ್‌ಗೆ, 17.4 ಸೆಕೆಂಡ್ ಬರುತ್ತಿದೆ. ಎಂಜಿನ್ ಕೆಲಸಕ್ಕೆ ಸದ್ಯ ದುಡ್ಡಿಲ್ಲ. ತೂಕ ಇಳಿಸಿದರೆ ನಿಜವಾಗಲೂ ವ್ಯತ್ಯಾಸ ಆಗುತ್ತದಾ? ಎಲ್ಲಿಂದ ಶುರು ಮಾಡಲಿ?

ತುಮಕೂರಿನಿಂದ:
ಖಂಡಿತ ಆಗುತ್ತದೆ ಸರ್. ನೂರು ಪೌಂಡ್ ಇಳಿಸಿದರೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಯುತ್ತದೆ ಅನ್ನುವ ಅಮೆರಿಕದ ಲೆಕ್ಕ ಕೇಳಿರುತ್ತೀರಿ. ನೂರು ಪೌಂಡ್ ಅಂದರೆ 45 ಕೆಜಿ. ಆ ಲೆಕ್ಕ ಅಲ್ಲಿನ ಒಂದೂವರೆ ಟನ್ನಿನ, ಎಂಟು ಸಿಲಿಂಡರಿನ ವಿ8 ಕಾರುಗಳದ್ದು. ನಮ್ಮ ಒಂದು ಟನ್ನಿನ ಕಾರಿಗೆ ಅದೇ 45 ಕೆಜಿ ಹೆಚ್ಚುಕಮ್ಮಿ ಅದರ ಎರಡರಷ್ಟು ಕೊಡುತ್ತದೆ. ಕೆಜಿ ಬಿಟ್ಟು ಶೇಕಡಾ ಲೆಕ್ಕ ಹಾಕಿ. ತೂಕ ಶೇ 3 ಇಳಿದರೆ ಸಮಯ ಸುಮಾರು ಶೇ 1 ಇಳಿಯುತ್ತದೆ. ನಿಮ್ಮ ಮೈತೂಕವನ್ನೂ ಸೇರಿಸಿಕೊಳ್ಳಿ.

ನನ್ನದು ಮಾರುತಿ ಎಸ್ಟೀಮ್. ಏನನ್ನೂ ಬಿಚ್ಚುವ ಮುಂಚೆ ಕ್ವಾರಿ ಪಕ್ಕದ, ಲಾರಿ ತೂಗುವ ವೇ ಬ್ರಿಡ್ಜ್‌ಗೆ ಹೋದೆ, ಬೆಳಿಗ್ಗೆ ಆರಕ್ಕೆ, ಲಾರಿಗಳು ಸಾಲು ಹಚ್ಚುವ ಮುಂಚೆ. ನಾನು ಕೂತೇ ತೂಗಿಸಿದೆ, 960 ಕೆಜಿ. ಆಮೇಲೆ ಮುಂದಿನ ಚಕ್ರ ಎರಡನ್ನು ಮಾತ್ರ ಮೇಲೆ ನಿಲ್ಲಿಸಿದೆ, 590. ಉಳಿದ 370 ಹಿಂದಿನದು. ಆ ಚೀಟಿ ಈಗಲೂ ಡ್ಯಾಶ್‌ಬೋರ್ಡಿನಲ್ಲಿದೆ.

ಸ್ಟೆಪ್ನಿ, ಜಾಕ್, ಹಿಂದಿನ ಸೀಟು, ಡಿಕ್ಕಿಯಲ್ಲಿದ್ದ ಸಬ್‌ವೂಫರ್ ಡಬ್ಬ, ಮ್ಯಾಟ್ ಎಲ್ಲ ತೆಗೆದೆ. ಪೆಟ್ರೋಲ್ ಲೀಟರಿಗೆ ಸುಮಾರು ಮುಕ್ಕಾಲು ಕೆಜಿ ತೂಗುತ್ತದೆ. 30 ಲೀಟರ್ ಕಮ್ಮಿ ಹಾಕಿದರೆ 22 ಕೆಜಿ ಹೋಯಿತು, ಒಂದು ರೂಪಾಯಿ ಖರ್ಚಿಲ್ಲದೆ. ಆದರೆ ಟ್ಯಾಂಕ್ ತೀರಾ ಬರಿದು ಮಾಡಬೇಡಿ. ಜೋರಾಗಿ ಹೊರಡುವಾಗ ಪೆಟ್ರೋಲ್ ಹಿಂದಕ್ಕೆ ಹೊರಳಿ ಪಂಪ್ ಗಾಳಿ ಎಳೆಯಬಹುದು. ಮತ್ತೆ ತೂಗಿಸಿದಾಗ 880. ಸಮಯ 17.9 ಇದ್ದದ್ದು 17.4ಕ್ಕೆ ಬಂತು. ಮೂರು ಮೂರು ಓಟದ ಸರಾಸರಿ ಇದು. ಅದೇ ದಿನ, ಅದೇ ಟೈರ್, ಟೈರಿನಲ್ಲಿ ಅಷ್ಟೇ ಗಾಳಿ. ಒಂದೇ ಓಟ ನೋಡಿ ತೀರ್ಮಾನಕ್ಕೆ ಬರಬೇಡಿ, ಕ್ಲಚ್ ಬಿಡುವುದರಲ್ಲೇ ಅಷ್ಟು ವ್ಯತ್ಯಾಸ ಬಂದುಬಿಡುತ್ತದೆ.

ಮೈಸೂರಿನಿಂದ:
ನಿಮ್ಮದು ಫ್ರಂಟ್ ವೀಲ್ ಡ್ರೈವ್ ಅಲ್ವಾ, ಹಾಗಾಗಿ ಹಿಂದಿನಿಂದಲೇ ಶುರು ಮಾಡಿ. ಹೊರಡುವಾಗ ಭಾರ ಹಿಂದಕ್ಕೆ ವಾಲುತ್ತದೆ, ಎಳೆಯುವ ಮುಂದಿನ ಚಕ್ರದ ಹಿಡಿತ ಸಡಿಲವಾಗುತ್ತದೆ. ಹಿಂದೆ ಹಗುರವಾದಷ್ಟೂ ಒಳ್ಳೆಯದು.

ಆದರೆ ಬ್ರೇಕ್ ವಿಷಯ ಯಾರೂ ನನಗೆ ಹೇಳಿರಲಿಲ್ಲ. ಫಿನಿಶ್ ದಾಟಿದ ಮೇಲೆ ಎಂದಿನಂತೆ ಗಟ್ಟಿಯಾಗಿ ಒತ್ತಿದೆ. ಖಾಲಿ ಹಿಂಭಾಗದ ಚಕ್ರ ಲಾಕ್ ಆಗಿ ಕಾರಿನ ಬಾಲ ಬಲಕ್ಕೆ ಹೊರಳಿತು. ಹೇಗೋ ನೇರ ಮಾಡಿಕೊಂಡೆ, ಕೈ ಮಾತ್ರ ಸಂಜೆವರೆಗೂ ನಡುಗುತ್ತಿತ್ತು. ತೂಕ ತೆಗೆದ ಮೇಲೆ ಮೊದಲು ನಿಧಾನಕ್ಕೆ ಓಡಿಸಿ, ಬ್ರೇಕ್ ಹೇಗಿದೆ ನೋಡಿಕೊಳ್ಳಿ.

ಇನ್ನೊಂದು ಮಾತು, ಚಕ್ರದ ತೂಕ. ಅದನ್ನು ಮುಂದಕ್ಕೂ ಒಯ್ಯಬೇಕು, ತಿರುಗಿಸಲೂ ಬೇಕು. ಅದಕ್ಕೇ ಅಲ್ಲಿ ಉಳಿಸಿದ ಒಂದು ಕೆಜಿ ಸೀಟಿನ ಒಂದು ಕೆಜಿಗಿಂತ ಜಾಸ್ತಿ ಬೆಲೆ. ಚೆಂದಕ್ಕೆ ಹಾಕಿದ ದೊಡ್ಡ ಅಲಾಯ್ ಚಕ್ರ ಇದ್ದರೆ ತೆಗೆದು ಹಗುರದ್ದು ಹಾಕಿ. ಎಂಜಿನ್ ತಿರುಗುವುದನ್ನು ಹದವಾಗಿಡುವ ಭಾರದ ಚಕ್ರವಾದ ಫ್ಲೈವೀಲ್ ತೆಗೆದು ಹಗುರದ್ದು ಹಾಕುವ ಕೆಲಸಕ್ಕೆ ಈಗಲೇ ಕೈ ಹಾಕಬೇಡಿ. ನನ್ನ ಕಾರು ಅದರಿಂದ ಹೊರಡುವಾಗಲೇ ಉಸಿರುಕಟ್ಟಿ ನಿಲ್ಲುತ್ತಿತ್ತು.

ಮಂಗಳೂರಿನಿಂದ:
ಬಾಗಿಲೊಳಗಿನ ಕಬ್ಬಿಣದ ಅಡ್ಡಪಟ್ಟಿ, ಬಂಪರ್ ಹಿಂದಿನ ಬೀಮ್, ಸೀಟ್ ಬೆಲ್ಟ್ ಮುಟ್ಟಲೇಬೇಡಿ. ಚಾಸಿಗೆ ತೂತು ಕೊರೆಯುವುದಂತೂ ಬೇಡವೇ ಬೇಡ. 1963ರಲ್ಲಿ ಪಾಂಟಿಯಾಕ್ ಕಂಪನಿ ಕ್ಯಾಟಲೀನಾ ಕಾರಿನ ಫ್ರೇಮಿಗೇ ತೂತು ಕೊರೆದು ಡ್ರ್ಯಾಗ್‌ಗೆ ಇಳಿಸಿತ್ತು. ಅದಕ್ಕೆ ಸ್ವಿಸ್ ಚೀಸ್, ಅಂದರೆ ತೂತು ತೂತಿನ ಚೀಸ್, ಅಂತಲೇ ಹೆಸರು ಬಿತ್ತು. ಅದು ಕಾರ್ಖಾನೆಯವರು ರೇಸಿಗೆಂದೇ ಮಾಡಿದ ಬೆರಳೆಣಿಕೆಯ ಕಾರು. ನಾವು ಸೋಮವಾರ ಅದೇ ಕಾರಿನಲ್ಲಿ ಆಫೀಸಿಗೆ ಹೋಗಬೇಕು. ಎಷ್ಟೇ ಹಗುರ ಮಾಡಿದರೂ ಓಡಿಸುವುದು ಅನುಮತಿ ಇರುವ ಈವೆಂಟ್‌ನಲ್ಲಿ ಮಾತ್ರ. ರಾತ್ರಿ ಖಾಲಿ ರಸ್ತೆಯಲ್ಲಿ ಬೇಡ, ದಯವಿಟ್ಟು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ವೇ ಬ್ರಿಡ್ಜ್‌ಗೆ ಹೋಗುತ್ತೇನೆ. ಮುಂದಿನ ಎಡ ಸೀಟೂ ತೆಗೆಯಬಹುದಾ?

ತುಮಕೂರಿನಿಂದ:
ಈವೆಂಟ್‌ನ ನಿಯಮ ಒಪ್ಪಿದರೆ ತೆಗೆಯಿರಿ. ಬಿಚ್ಚಿದ ಬೋಲ್ಟ್‌ಗಳನ್ನು ಒಂದೊಂದು ಕವರಿಗೆ ಹಾಕಿ, ಯಾವುದರದ್ದು ಅಂತ ಮೇಲೆ ಬರೆದಿಡಿ. ಎರಡೂ ಚೀಟಿಯ ತೂಕ ಇಲ್ಲಿ ಹಾಕಿ, ಕಾಯುತ್ತಿರುತ್ತೇನೆ.