ಇಂಜಿನ್ ಓಡುವಾಗ ಟಕ್ ಟಕ್ ಸದ್ದು, ಒಂದೇ ಮೂಲೆಯಲ್ಲಿ ನಿಲ್ಲುತ್ತದೆ: ಬಿಚ್ಚಲಾ, ಬೇಡವಾ?

ನವನಗರ_ರೈಲು:

ಎಲ್ಲರಿಗೂ ನಮಸ್ಕಾರ್ರಿ. ಹುಬ್ಬಳ್ಳಿ ನವನಗರದಿಂದ ಬರೆಯುತ್ತಿದ್ದೇನೆ. ನನ್ನ ಹತ್ತಿರ ಮಾಡೆಲ್ ರೈಲಿನ ಒಂದು ಎಚ್‌ಓ (ನಿಜದ ರೈಲಿನ 87ರಲ್ಲಿ ಒಂದು ಪಾಲು ಅಳತೆಯ) ಡೀಸೆಲ್ ಇಂಜಿನ್ ಇದೆ. ಆರು ಆಕ್ಸಲ್‌ನದು, ಮಾಮೂಲಿ 12 ವೋಲ್ಟ್ ಡಿಸಿ. ಭಾವ ಹೊರದೇಶದಿಂದ ಬರುವಾಗ ತಂದುಕೊಟ್ಟಿದ್ದು, ಆಗಲೇ ಅದು ಸೆಕೆಂಡ್ ಹ್ಯಾಂಡ್. ಮೂರು ವರ್ಷ ಚೆನ್ನಾಗಿ ಓಡಿತು. ಆಮೇಲೆ ಮನೆ ಬದಲಾಯಿಸಿದೆವು, ಇಂಜಿನ್ನು ಡಬ್ಬದ ಸಮೇತ ಅಟ್ಟ ಸೇರಿತು, ಎರಡು ಬೇಸಿಗೆ ಅಲ್ಲೇ ಕಳೆಯಿತು. ಈಗ ಮಗಳು ನಾಲ್ಕನೇ ಕ್ಲಾಸು. ರಜೆಯಲ್ಲಿ ರೈಲು ತೆಗಿ ಅಂತ ಹಟ ಹಿಡಿದಳು, ತೆಗೆದೆ.

ತೊಂದರೆ ಏನಂದರೆ ಓಡುವಾಗ ಟಕ್ ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬರುತ್ತದೆ. ಸ್ಪೀಡ್ ಜಾಸ್ತಿ ಮಾಡಿದರೆ ಸದ್ದೂ ಜೋರಾಗಿ ಬೇಗ ಬೇಗ ಬರುತ್ತದೆ. ಮನೆಯವರು ಅದೇ ಕೋಣೆಯಲ್ಲಿ ಹೊಲಿಗೆ ಮಾಡುತ್ತಾರೆ, ಅವರೇ ಮೊದಲು ಗುರುತು ಹಿಡಿದದ್ದು. ‘ಮಷೀನಿನ ಸೂಜಿ ಬಾಗಿದಾಗ ಹಿಂಗೇ ಸದ್ದು ಬರ್ತದ’ ಅಂದರು. ಇನ್ನೊಂದು ತೊಂದರೆ, ಕಿಟಕಿ ಕಡೆಯ ಮೂಲೆಗೆ ಬಂದಾಗ ಇಂಜಿನ್ನು ನಿಧಾನ ಆಗಿ ನಿಂತೇ ಬಿಡುತ್ತದೆ. ಬೆರಳಿನಿಂದ ಸ್ವಲ್ಪ ತಳ್ಳಿದರೆ ಮತ್ತೆ ಹೋಗುತ್ತದೆ.

ನಮ್ಮದು ಎರಡು ಕೋಣೆಯ ಮನೆ. 6 ಅಡಿ ಉದ್ದ 4 ಅಡಿ ಅಗಲದ ಪ್ಲೈವುಡ್ಡಿನ ಮೇಲೆ ಹಳಿ ಹಾಕಿ, ಕೆಳಗೆ ಚಕ್ರ ಹಚ್ಚಿ, ಮಂಚದ ಕೆಳಗೆ ನೂಕುತ್ತೇವೆ. ವಾರಕ್ಕೊಮ್ಮೆ ಹೊರಗೆ ಎಳೆಯುತ್ತೇವೆ.

ಒಂದು ಅಂಗಡಿಯಲ್ಲಿ ತೋರಿಸಿದೆ. ಅವರು ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕೊಟ್ಟರು. ಎರಡು ದಿನ ಚೆನ್ನಾಗಿತ್ತು, ಆಮೇಲೆ ಮೊದಲಿಗಿಂತ ಕೆಟ್ಟದಾಯಿತು, ಒಂಥರಾ ಸುಟ್ಟ ವಾಸನೆ ಬೇರೆ. ನಾನು ಇದುವರೆಗೆ ಇಂಜಿನ್ ಬಿಚ್ಚಿಲ್ಲ. ಬಿಚ್ಚಿ ಹಾಳು ಮಾಡಿದರೆ ಮಗಳಿಗೆ ಏನು ಹೇಳಲಿ ಅಂತ ಹೆದರಿಕೆ. ಬಲ್ಲವರು ಹೇಳಿ.

ಗದಗ_ಜಂಕ್ಷನ್:

ಅಣ್ಣಾರೆ, ಬಿಚ್ಚುವ ಮುಂಚೆ ಚಕ್ರ ಒರೆಸಿ. ಹಳಿ ಮೇಲೆ ಟಿಶ್ಯೂ ಪೇಪರ್ ಹಾಸಿ, ಅದಕ್ಕೆ ನಾಲ್ಕು ಹನಿ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುತ್ತಾರಲ್ಲ, ಅದೇ. ಇಂಜಿನ್ನಿನ ಮುಂದಿನ ಚಕ್ರಗಳು ಪೇಪರ್ ಮೇಲೆ, ಹಿಂದಿನವು ಹಳಿ ಮೇಲೆ ಇರಲಿ. ಕೈಯಲ್ಲಿ ಹಿಡಿದುಕೊಂಡು ಕರೆಂಟ್ ಕೊಡಿ. ಚಕ್ರ ಅಲ್ಲೇ ತಿರುಗಿ ಪೇಪರ್ ಮೇಲೆ ಎರಡು ಕಪ್ಪು ಗೆರೆ ಮೂಡುತ್ತವೆ. ಪೇಪರ್ ಜರುಗಿಸಿ ಗೆರೆ ಬರುವುದು ನಿಲ್ಲುವ ತನಕ ಮಾಡಿ, ಆಮೇಲೆ ಇಂಜಿನ್ ತಿರುಗಿಸಿ ಇನ್ನೊಂದು ಕಡೆ.

ನಮ್ಮ ಕಡೆ ಬೇಸಿಗೆ ಗಾಳಿಗೆ ಧೂಳು ಎಷ್ಟು ಬರುತ್ತದೆ ಅಂತ ನಿಮಗೂ ಗೊತ್ತು. ಬೆಳಿಗ್ಗೆ ಒರೆಸಿದ ಹಳಿ ಮೇಲೆ ಸಂಜೆ ಬೆರಳಾಡಿಸಿದರೆ ಬೆರಳು ಕೆಂಪು. ಆದರೆ ಹಳಿಗೆ ಮರಳು ಕಾಗದ ಮಾತ್ರ ಉಜ್ಜಬೇಡಿ. ಗೀರು ಬಿದ್ದರೆ ಕೊಳೆ ಹೋಗಿ ಅದರೊಳಗೇ ಕೂರುತ್ತದೆ, ಮೊದಲಿಗಿಂತ ಬೇಗ ಕಪ್ಪಾಗುತ್ತದೆ.

ಟಕ್ ಟಕ್ ಬಗ್ಗೆ ನನಗೆ ಧೈರ್ಯವಾಗಿ ಹೇಳಲು ಬರುವುದಿಲ್ಲ. ಕಾಕಾ ಬರಲಿ.

ಶೆಡ್_ಕಾಕಾ:

ಬಂದೆ. ನಾನು ಹುಬ್ಬಳ್ಳಿ ಡೀಸೆಲ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವನು. ರಿಟೈರ್ ಆದ ಮೇಲೆ ಮೊಮ್ಮಗನ ಜೊತೆ ಈ ಸಣ್ಣ ಇಂಜಿನ್ ಹಚ್ಚಿಕೊಂಡಿದ್ದೇನೆ. ದೊಡ್ಡದಿರಲಿ ಸಣ್ಣದಿರಲಿ, ಸ್ಪ್ಯಾನರ್ ಹಿಡಿಯುವ ಮುಂಚೆ ಕಿವಿ ಕೊಡಬೇಕು. ನಿಮ್ಮ ಮನೆಯವರು ಅದನ್ನೇ ಮಾಡಿದ್ದಾರೆ, ಅವರಿಗೆ ನನ್ನ ನಮಸ್ಕಾರ ಹೇಳಿ.

ತಮ್ಮಾ, ನಿಮ್ಮದು ಒಂದು ರೋಗ ಅಲ್ಲ, ಎರಡು. ಸದ್ದು ಎಲ್ಲಾ ಕಡೆ ಬರುತ್ತದೆ, ಹಾಗಾಗಿ ಅದು ಇಂಜಿನ್ನಿನದು. ನಿಲ್ಲುವುದು ಒಂದೇ ಮೂಲೆಯಲ್ಲಿ, ಹಾಗಾಗಿ ಅದು ಹಳಿಯದು. ಎರಡನ್ನೂ ಸೇರಿಸಿ ಯೋಚನೆ ಮಾಡಿದರೆ ತಲೆ ಕೆಡುತ್ತದೆ.

ಮೊದಲು ಸದ್ದು. ಒಂದು ಚಕ್ರದ ಅಂಚಿಗೆ ಮಾರ್ಕರ್‌ನಲ್ಲಿ ಚುಕ್ಕಿ ಇಡಿ. ಇಂಜಿನ್ನನ್ನು ಹಳಿ ಮೇಲೆ ತೀರಾ ನಿಧಾನ ಓಡಿಸಿ. ಒಂದು ಟಕ್ ಕೇಳಿದಾಗ ಚುಕ್ಕಿ ಎಲ್ಲಿದೆ ನೋಡಿ, ಮುಂದಿನ ಟಕ್‌ಗೆ ಎಲ್ಲಿದೆ ನೋಡಿ. ಚುಕ್ಕಿ ಪೂರ್ತಿ ಒಂದು ಸುತ್ತು ಬಂದಾಗ ಒಂದೇ ಟಕ್ ಆದರೆ, ಆಕ್ಸಲ್ ಮೇಲೆ ಕೂತಿರುವ ಗೇರು ಸೀಳಿದೆ ಅಂತ ತಿಳಿಯಿರಿ. ಎಚ್‌ಓ ಡೀಸೆಲ್ ಚಕ್ರ ಸುಮಾರು 12 ಮಿ.ಮೀ. ಅಡ್ಡಳತೆ, ಅಂದರೆ ಒಂದು ಸುತ್ತಿಗೆ ಇಂಜಿನ್ನು 4 ಸೆಂ.ಮೀ.ಗೆ ಸ್ವಲ್ಪ ಕಡಿಮೆ ಮುಂದೆ ಹೋಗುತ್ತದೆ. ಹಳಿ ಪಕ್ಕ ಸ್ಕೇಲ್ ಇಟ್ಟುಕೊಂಡರೂ ಸಾಕು. ಒಂದು ಸುತ್ತಿಗೆ ಎಂಟು ಹತ್ತು ಸಲ ಸದ್ದು ಬಂದರೆ ತೊಂದರೆ ಮೇಲೆ ಇದೆ, ಮೋಟರ್ ಕಡೆ.

ಯಾಕೆ ಸೀಳುತ್ತದೆ? ಇದರ ಗೇರು ಪ್ಲಾಸ್ಟಿಕ್ಕಿನದು, ಅದನ್ನು ಲೋಹದ ಆಕ್ಸಲ್ ಮೇಲೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಓಡಲಿ ಬಿಡಲಿ, ಆ ಬಿಗಿತ ಗೇರನ್ನು ಹಗಲು ರಾತ್ರಿ ಹಿಗ್ಗಿಸುತ್ತಲೇ ಇರುತ್ತದೆ. ವರ್ಷ ಕಳೆದಂತೆ ಎರಡು ಹಲ್ಲಿನ ನಡುವೆ ಕೂದಲೆಳೆಯ ಬಿರುಕು ಬಿಡುತ್ತದೆ. ಅಲ್ಲಿ ಹಲ್ಲಿನ ಸಂದು ಅಗಲ ಆಗುತ್ತದೆ, ಪಕ್ಕದ ಗೇರು ಆ ಜಾಗಕ್ಕೆ ಬಂದಾಗ ಸರಿಯಾಗಿ ಕೂರದೆ ಎಗರುತ್ತದೆ, ಅದೇ ಟಕ್. ಅಟ್ಟದ ಕಾವಿಗೆ ಅದು ಇನ್ನೂ ಬೇಗ ಆಗಿರಬಹುದು. ಬಳಸದೆ ಇಟ್ಟ ಇಂಜಿನ್ನಿಗೂ ಆಗುವ ರೋಗ ಇದು, ನಿಮ್ಮ ತಪ್ಪಲ್ಲ.

ದೊಡ್ಡ ಇಂಜಿನ್ನಿನಲ್ಲಿ ಲೆಕ್ಕ ಬೇರೆ. ಗೂಡ್ಸ್ ಎಳೆಯುವ ಡಬ್ಲ್ಯೂಡಿಜಿ-4 ಡೀಸೆಲ್ ಇಂಜಿನ್ ತೆಗೆದುಕೊಳ್ಳಿ, ಅದರ ಆರು ಆಕ್ಸಲ್‌ಗೆ ಚಕ್ರ ತಿರುಗಿಸುವ ಆರು ಟ್ರಾಕ್ಷನ್ ಮೋಟರ್. ನಿಮ್ಮದರಲ್ಲಿ ನಡುವೆ ಒಂದೇ ಮೋಟರ್, ಎರಡೂ ಕಡೆ ಶಾಫ್ಟು, ತುದಿಗೆ ವರ್ಮ್ ಅನ್ನುವ ಸ್ಕ್ರೂವಿನಂಥ ಗೇರು, ಅಲ್ಲಿಂದ ಗೇರು ಇಳಿದು ಮೂರು ಮೂರು ಆಕ್ಸಲ್‌ಗೆ ಹೋಗುತ್ತದೆ. ಮೂರು ಆಕ್ಸಲ್ ಕೂತಿರುವ ಆ ಚೌಕಟ್ಟಿಗೆ ಶೆಡ್ಡಿನಲ್ಲಿ ನಾವು ಬೋಗಿ ಅನ್ನುತ್ತೇವೆ, ಜನ ಡಬ್ಬಿಗೇ ಬೋಗಿ ಅನ್ನುತ್ತಾರೆ, ಗೊಂದಲ ಬೇಡ ಅಂತ ಇಲ್ಲಿ ಟ್ರಕ್ ಅನ್ನೋಣ. ಟ್ರಕ್ಕಿನ ತಳದ ಪ್ಲಾಸ್ಟಿಕ್ ತಟ್ಟೆ ಸಾಮಾನ್ಯವಾಗಿ ಕೊಕ್ಕೆಯ ಮೇಲೆ ನಿಂತಿರುತ್ತದೆ. ಇಂಜಿನ್ನನ್ನು ಸ್ಪಂಜಿನ ಮೇಲೆ ಬೆನ್ನು ಕೆಳಗೆ ಮಾಡಿ ಮಲಗಿಸಿ, ಸಣ್ಣ ಸ್ಕ್ರೂಡ್ರೈವರ್‌ನಿಂದ ಕೊಕ್ಕೆ ಮೆಲ್ಲಗೆ ಬಿಡಿಸಿ. ಆಕ್ಸಲ್ ಕೈಗೆ ಬರುತ್ತದೆ. ಮೇಲಿನ ಬಾಡಿ ಬಿಚ್ಚುವ ಅಗತ್ಯವೇ ಬರಲಿಕ್ಕಿಲ್ಲ. ಬಿಳಿ ಬಟ್ಟೆ ಹಾಸಿಕೊಳ್ಳಿ, ಸಣ್ಣ ಸಾಮಾನು ಉರುಳಿದರೆ ಕಾಣುತ್ತದೆ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ.

ಈಗ ಮೂಲೆ. ಮಲ್ಟಿಮೀಟರ್ ಇದ್ದರೆ ಹಳಿಯ ವೋಲ್ಟೇಜ್ ಅಳೆಯಬೇಕು, ಆದರೆ ಸುಮ್ನೆ ಅಳೆದರೆ ಎಲ್ಲಾ ಕಡೆ 12 ತೋರಿಸಿ ಮೋಸ ಮಾಡುತ್ತದೆ. ಕರೆಂಟ್ ಎಳೆಯುವಾಗ ಮಾತ್ರ ಸಡಿಲ ಜೋಡಣೆ ಬಯಲಾಗುವುದು. ಬೈಕಿನ 12 ವೋಲ್ಟ್ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಹಚ್ಚಿ ಆ ಮೂಲೆಯ ಹಳಿಗೆ ಮುಟ್ಟಿಸಿ. ಬಲ್ಬು ಬೇರೆ ಕಡೆ ಚೆನ್ನಾಗಿ ಉರಿದು ಅಲ್ಲಿ ಮಂಕಾದರೆ ಹಳಿ ಜೋಡಿಸುವ ಆ ಸಣ್ಣ ತಗಡಿನ ಕ್ಲಿಪ್ ಸಡಿಲ ಆಗಿದೆ. ಕಿಟಕಿ ಪಕ್ಕ ಅಂದಿರಿ, ಮಳೆಗಾಲದ ತಂಪಿಗೆ ಪ್ಲೈವುಡ್ಡು ಉಬ್ಬಿ ಇಳಿದು ಹಾಗೆ ಆಗುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ ಆ ಮೂಲೆಗೆ ಬೇರೆ ಎರಡು ವೈರು ಎಳೆದು ಹಳಿಯ ಹೊರಬದಿಗೆ ಬೆಸುಗೆ ಹಾಕಿ. ಆಮೇಲೆ ಕ್ಲಿಪ್ ಮೇಲೆ ಭಾರ ಇರುವುದಿಲ್ಲ.

ಸುಟ್ಟ ವಾಸನೆ ಬಂತು ಅಂದಿರಲ್ಲ, ಅದು ಮಾತ್ರ ನನಗೆ ಸೇರಲಿಲ್ಲ. ಸ್ಪ್ರೇ ಮೋಟರ್ ಒಳಗೆ ಹೋಗಿ ಕಾರ್ಬನ್ ಬ್ರಷ್ಷಿನ ಪುಡಿ ಜೊತೆ ಕಲೆತು ಕೆಸರಾದರೆ ಕಮ್ಯುಟೇಟರ್ (ಬ್ರಷ್ಷು ಉಜ್ಜುವ ತಾಮ್ರದ ಭಾಗ) ಸಂದಿನಲ್ಲಿ ಶಾರ್ಟ್ ಆಗುತ್ತದೆ. ಅದನ್ನು ನೋಡುವ ತನಕ ಜಾಸ್ತಿ ಹೊತ್ತು ಓಡಿಸಬೇಡಿ.

ಹಾವೇರಿ_9ಎಂಎಂ:

ಕಾಕಾ ಹೇಳಿದ್ದು ಸರಿ, ಆದರೂ ನನ್ನ ಅಭಿಪ್ರಾಯ ಬೇರೆ. ಹೊಸದಾಗಿ ಬಿಚ್ಚುವವರು ಪೂರ್ತಿ ಟ್ರಕ್ ತರಿಸಿ ಹಾಕುವುದು ಒಳ್ಳೆಯದು. ಒಂದು ಗೇರು ಸೀಳಿದ್ದರೆ ಅದೇ ವಯಸ್ಸಿನ ಉಳಿದ ಐದೂ ಇವತ್ತಲ್ಲ ನಾಳೆ ಸೀಳುತ್ತವೆ, ಅಲ್ವಾ? ನಾನು ಎನ್ ಸ್ಕೇಲಿನವನು, 1:160, ಹಳಿ ಅಗಲ 9 ಮಿ.ಮೀ. ಅಷ್ಟು ಸಣ್ಣ ಗೇರು ಬದಲಾಯಿಸಲು ಹೋಗಿ ಒಂದು ಇಂಜಿನ್ನಿನ ಕರೆಂಟ್ ಎಳೆಯುವ ತಾಮ್ರದ ಪಟ್ಟಿ ಮುರಿದುಕೊಂಡಿದ್ದೇನೆ.

ಎಣ್ಣೆ ವಿಷಯ ಒಂದು ಮಾತು. ನಮ್ಮ ಮನೆಯಲ್ಲಿ ತಮ್ಮ ಇಂಜಿನ್ನಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದ. ದೀಪಾವಳಿ ತನಕ ಚೆನ್ನಾಗಿ ಓಡಿತು. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಮೋಟರ್ ಗುಂಯ್ ಅನ್ನುತ್ತದೆ, ಚಕ್ರ ತಿರುಗುವುದಿಲ್ಲ. ತಳ ಬಿಚ್ಚಿದರೆ ಗೇರಿನ ಹಲ್ಲುಗಳ ನಡುವೆ ಬೆಳ್ಳಗೆ ಮೇಣದ ಹಾಗೆ ಕೂತಿತ್ತು. ತಲೆಗೆ ಹಚ್ಚುವ ಬಾಟಲಿಯಲ್ಲಿ ಗಟ್ಟಿ ಆಗುವ ಹಾಗೇ ಅಲ್ಲೂ ಆಗಿತ್ತು. ಪ್ಲಾಸ್ಟಿಕ್ಕಿಗೆ ಒಗ್ಗುವ ತೆಳು ಎಣ್ಣೆ ಅಂತ ಬರೆದದ್ದನ್ನೇ ತರಿಸಿ. ಸೂಜಿ ಮೊನೆಯಲ್ಲಿ ನಿಲ್ಲುವಷ್ಟು ಒಂದು ಹನಿ ಸಾಕು.

ಶೆಡ್_ಕಾಕಾ:

ಹಾವೇರಿ ತಮ್ಮಾ, ಎನ್ ಸ್ಕೇಲಿಗೆ ನೀವು ಹೇಳಿದ್ದು ಒಪ್ಪುತ್ತೇನೆ. ಎಚ್‌ಓನಲ್ಲಿ ಗೇರು ಬದಲಾಯಿಸುವುದು ಅರ್ಧ ಗಂಟೆ ಕೆಲಸ. ಪೂರ್ತಿ ಟ್ರಕ್ ಹಳೇ ಮಾಡೆಲ್‌ಗೆ ಸಿಗುವುದೂ ಕಷ್ಟ. ಒಂದು ಸಲ ಕೈ ಕೂತರೆ ಉಳಿದ ಐದಕ್ಕೂ ಧೈರ್ಯ ಬರುತ್ತದೆ.

ನವನಗರ_ರೈಲು:

ಬಿಚ್ಚಿದೆ. ಎಲ್ಲರಿಗೂ ಥ್ಯಾಂಕ್ಸ್ ಹೇಳಬೇಕು, ಆದರೆ ಏನು ಸಿಕ್ಕಿತು ಅಂತ ಮೊದಲು ಹೇಳುತ್ತೇನೆ.

ಚುಕ್ಕಿ ಪರೀಕ್ಷೆ ಮಗಳೇ ಮಾಡಿದಳು. ಸುತ್ತಿಗೆ ಒಂದೇ ಟಕ್, ಹತ್ತು ಸುತ್ತು ಎಣಿಸಿದೆವು, ಹತ್ತೂ ಸರಿ. ತಳದ ತಟ್ಟೆ ತೆಗೆದರೆ ಮೊದಲು ಗೇರು ಕಾಣಲೇ ಇಲ್ಲ, ದಾರ ಕಂಡಿತು. ಕೆಂಪು, ಹಸಿರು, ಒಂದಿಷ್ಟು ಬಿಳಿ ಹತ್ತಿ, ಚಕ್ರಕ್ಕೂ ಗೇರಿಗೂ ನಡುವೆ ಬಿಗಿಯಾಗಿ ಸುತ್ತಿ ಉಂಗುರ ಆಗಿಬಿಟ್ಟಿತ್ತು. ಮಂಚದ ಕೆಳಗೆ ಬೋರ್ಡಿನ ಪಕ್ಕ ಅವ್ವನ ಕೌದಿ ಮಡಚಿ ಇಡುತ್ತೇವೆ, ಅದರ ದಾರ. ಉಳಿದದ್ದು ಹೊಲಿಗೆಯದು. ಮನೆಯವರು ಸೂಜಿ ತಂದು ಒಂದೊಂದೇ ಎಳೆ ಎತ್ತಿ ಕತ್ತರಿಸಿ ತೆಗೆದರು, ನನ್ನ ಕೈಯಿಂದ ಅಷ್ಟು ನಾಜೂಕಾಗಿ ಆಗುತ್ತಿರಲಿಲ್ಲ. ಅಂಗೈಯಲ್ಲಿ ಹಿಡಿದರೆ ಸಣ್ಣ ಗೋಲಿಯಷ್ಟು ದಾರ.

ಆಮೇಲೆ ಗೇರು. ಮುಂದಿನ ಟ್ರಕ್ಕಿನ ನಡುವಿನ ಆಕ್ಸಲ್. ಬರಿಗಣ್ಣಿಗೆ ಏನೂ ಇರಲಿಲ್ಲ. ಕಿಟಕಿ ಬೆಳಕಿಗೆ ಹಿಡಿದು, ಎರಡೂ ಚಕ್ರ ಸ್ವಲ್ಪ ತಿರುಚಿದಾಗ ಎರಡು ಹಲ್ಲಿನ ಬುಡದಲ್ಲಿ ಕಪ್ಪು ಗೆರೆ ಬಾಯಿ ಬಿಟ್ಟು ಮುಚ್ಚಿತು. ಕಾಕಾ, ನೀವು ನೋಡದೆ ಹೇಳಿದ್ದು ಹಾಗೇ ಇತ್ತು.

ಮೂಲೆಯದೂ ಸಿಕ್ಕಿತು, ಬಲ್ಬು ಅಲ್ಲಿ ಮಂಕಾಯಿತು. ಬೆಸುಗೆ ಇನ್ನೂ ಹಾಕಿಲ್ಲ.

ಈಗ ಕೇಳುವುದು, ಗೇರು ಬರಲು ದಿನ ಹಿಡಿಯುತ್ತದೆ. ಅಲ್ಲಿ ತನಕ ಫೆವಿಕ್ವಿಕ್ ಹಾಕಿ ಅಂಟಿಸಬಹುದಾ?

ಶೆಡ್_ಕಾಕಾ:

ಬೇಡ. ಆ ಜಾತಿಯ ಪ್ಲಾಸ್ಟಿಕ್ಕು ಜಾರು, ಅದಕ್ಕೆ ಅಂಟು ಹಿಡಿಯುವುದಿಲ್ಲ. ಹಲ್ಲಿನ ಸಂದಿಗೆ ಹೋಗಿ ಗಟ್ಟಿಯಾದರೆ ಪಕ್ಕದ ಒಳ್ಳೆ ಗೇರಿಗೂ ಪೆಟ್ಟು.

ನಿಮ್ಮ ಅದೃಷ್ಟ, ಸೀಳಿದ್ದು ನಡುವಿನದು. ಆ ಆಕ್ಸಲ್ ತೆಗೆದಿಟ್ಟು ತಟ್ಟೆ ಮುಚ್ಚಿ, ಉಳಿದ ಐದರ ಮೇಲೆ ಓಡಿಸಿ. ತುದಿಯದಾಗಿದ್ದರೆ ಇಂಜಿನ್ನು ವಾಲುತ್ತಿತ್ತು. ಹಗುರ ಗಾಡಿ, ಸಮತಟ್ಟು ಹಳಿ ಅಷ್ಟೇ. ಏರು ಬೇಡ. ಕ್ಯಾಸಲ್‌ರಾಕ್‌ನಿಂದ ಕೆಳಗೆ ಕುಳೆಂ ಕಡೆಯ ಘಟ್ಟದಲ್ಲಿ 37ಕ್ಕೆ 1 ಏರು ಇದೆ, ಅಲ್ಲಿ ಗೂಡ್ಸ್ ಮೇಲೆ ಬರಬೇಕಾದರೆ ಹಿಂದಿನಿಂದ ಬ್ಯಾಂಕರ್ ಇಂಜಿನ್ ತಳ್ಳಬೇಕು. ಅದೇ ಏರು ನಿಮ್ಮ ಬೋರ್ಡಿನಲ್ಲಿ ಅಂದರೆ 37 ಸೆಂ.ಮೀ.ಗೆ 1 ಸೆಂ.ಮೀ. ನೋಡಲು ಏನೂ ಅಲ್ಲ ಅನಿಸುತ್ತದೆ, ಎಳೆಯುವ ಇಂಜಿನ್ನಿಗೆ ಗೊತ್ತು.

ಹೊಸ ಗೇರು ತರಿಸುವಾಗ ಹಲ್ಲು ಎಣಿಸಿ, ಆಕ್ಸಲ್ ದಪ್ಪ ವರ್ನಿಯರ್‌ನಲ್ಲಿ ಅಳೆಯಿರಿ. ಕೂರಿಸುವಾಗ ಸುತ್ತಿಗೆ ಬೇಡ, ವೈಸ್‌ನಲ್ಲಿ ಮೆಲ್ಲಗೆ ನೆಟ್ಟಗೆ ಒತ್ತಿ. ಎರಡು ಚಕ್ರಗಳ ಒಳಬದಿಯ ನಡುವೆ ಸುಮಾರು 14.4 ಮಿ.ಮೀ. ಇರಲಿ. ಕಡಿಮೆ ಆದರೆ ಪಾಯಿಂಟಿನ (ಹಳಿ ಕವಲೊಡೆಯುವ ಜಾಗ) ಮೇಲೆ ಹತ್ತಿ ಹಳಿ ತಪ್ಪುತ್ತದೆ. ಇನ್ನೊಂದು, ಆಕ್ಸಲ್ ಒಳಗೆ ಎರಡು ತುಂಡು ಇರುತ್ತದೆ, ನಡುವೆ ಆ ಗೇರಿನ ಪ್ಲಾಸ್ಟಿಕ್ಕೇ ಎಡ ಬಲ ಚಕ್ರದ ಕರೆಂಟನ್ನು ಬೇರೆ ಇಡುವುದು. ಗಟ್ಟಿ ಆಗಲಿ ಅಂತ ಲೋಹದ ಕೊಳವೆ ತೂರಿಸಿದರೆ ನೇರ ಶಾರ್ಟು.

ಕೌದಿಗೆ ಬೇರೆ ಜಾಗ ನೋಡಿ. ಬೋರ್ಡಿನ ಮೇಲೆ ಹಳೇ ಬೆಡ್‌ಶೀಟ್ ಮುಚ್ಚಿ, ನೈಲಾನಿನದಾದರೆ ಎಳೆ ಬಿಡುವುದಿಲ್ಲ.

ಗದಗ_ಜಂಕ್ಷನ್:

ಅಕ್ಕಾವ್ರ ಕೈಗುಣ ಮೆಚ್ಚಬೇಕು. ಮೋಟರ್ ಏನಾಯಿತು ಅಣ್ಣಾರೆ, ವಾಸನೆ ಇನ್ನೂ ಬರುತ್ತದಾ?

ನವನಗರ_ರೈಲು:

ಮೋಟರ್ ಕಮ್ಯುಟೇಟರ್ ಮೇಲೆ ಕಪ್ಪು ಜಿಡ್ಡು ಇತ್ತು. ಕಿವಿ ಒರೆಸುವ ಹತ್ತಿ ಕಡ್ಡಿಗೆ ಐಪಿಎ ಹಚ್ಚಿ ಒರೆಸಿದೆ, ನಾಲ್ಕು ಕಡ್ಡಿ ಕಪ್ಪಾದ ಮೇಲೆ ತಾಮ್ರ ಹೊಳೆಯಿತು. ಮಲ್ಟಿಮೀಟರ್ ಹಚ್ಚಿದರೆ ಖಾಲಿ ಓಡುವಾಗ 0.3 ಆಂಪಿಯರ್. ವಾಸನೆ ಇಲ್ಲ.

ನಿನ್ನೆ ರಾತ್ರಿ ಐದು ಆಕ್ಸಲ್ ಮೇಲೆ, ಮೂರು ಡಬ್ಬಿ ಹಚ್ಚಿ ಓಡಿಸಿದೆವು. ಟಕ್ ಸದ್ದು ಹೋಗಿದೆ. ಬರೀ ಹಳಿ ಜೋಡಣೆ ದಾಟುವ ಸದ್ದು ಕೇಳುತ್ತದೆ, ಇಷ್ಟು ವರ್ಷದಲ್ಲಿ ಅದನ್ನು ನಾನು ಸರಿಯಾಗಿ ಕೇಳಿಸಿಕೊಂಡೇ ಇರಲಿಲ್ಲ.

ಮಗಳದು ಒಂದು ಪ್ರಶ್ನೆ ಇದೆ. ನಮ್ಮ ಸಿದ್ಧಾರೂಢ ಸ್ವಾಮೀಜಿ ಸ್ಟೇಷನ್ನಿನ ಉದ್ದನೆ ಪ್ಲಾಟ್‌ಫಾರ್ಮ್ ಮಾಡೋಣ ಅನ್ನುತ್ತಾಳೆ.

ಗದಗ_ಜಂಕ್ಷನ್:

ಆ ಪ್ಲಾಟ್‌ಫಾರ್ಮ್ 1,507 ಮೀಟರ್. ಎಚ್‌ಓ ಅಂದರೆ 1:87, ಭಾಗಿಸಿದರೆ 17 ಮೀಟರ್ ಚಿಲ್ಲರೆ. ಹಾವೇರಿಯವರ ಎನ್ ಸ್ಕೇಲಿನಲ್ಲೂ 9 ಮೀಟರ್ ದಾಟುತ್ತದೆ. ಮಗಳಿಗೆ ಹೇಳಿ, ಸದ್ಯಕ್ಕೆ ಎರಡು ಡಬ್ಬಿ ನಿಲ್ಲುವಷ್ಟು ಒಂದು ಸಣ್ಣ ಸ್ಟೇಷನ್ ಮಾಡಲಿ. ನಮ್ಮ ಲೈನಿನ ಅಣ್ಣಿಗೇರಿ ಹೆಸರು ಇಟ್ಟರೆ ನನಗೆ ಖುಷಿ.

ನವನಗರ_ರೈಲು:

ಕೇಳಿದೆ. ರಟ್ಟು ಕತ್ತರಿಸಲು ಕೂತಿದ್ದಾಳೆ. ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರದಲ್ಲಿ ಅಣ್ಣಿಗೇರಿ ಅಂತ ಬರೆದಾಗಿದೆ. ಗೇರು ಬಂದ ದಿನ ಬರೆಯುತ್ತೇನೆ ಕಾಕಾ.