ನೈಸ್ ಅಂದ್ರೆ ಪೆದ್ದ

ಚಪ್ಪಲಿ ಬಿಡುವ ಮೊದಲೇ ಶಾಮಣ್ಣ ಶುರು ಮಾಡಿದ.

"ಎಲ್ಲಿ ಆ ನಾಗೇಶಿ? ನನ್ನ ಬೆನ್ನುಮೂಳೆಗೆ ನೈಸ್ ಅಂದಿದಾನೆ."

ವಿಷಯ ಇಷ್ಟೇ. ಹಿಂದಿನ ದಿನ ಶಾಮಣ್ಣ ಬಚ್ಚಲಲ್ಲಿ ಜಾರಿ ಬಿದ್ದಿದ್ದ. ಎಕ್ಸ್‌ರೇ ಫೋಟೋವನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಎರಡೇ ನಿಮಿಷದಲ್ಲಿ ನಾಗೇಶಿಯ ಉತ್ತರ ಬಂತು: ನೈಸ್. ಪಕ್ಕದಲ್ಲಿ ಎರಡು ಹೆಬ್ಬೆರಳು.

"ಫೋಟೋ ಎಷ್ಟು ಕ್ಲಿಯರ್ ಆಗಿ ಬಂದಿತ್ತು!" ಎಂದ ನಾಗೇಶಿ, ಮೊಬೈಲಿನಿಂದ ತಲೆ ಎತ್ತದೆ.

"ನಿನ್ನ ಮೊಮ್ಮಗಳ ನಾಮಕರಣಕ್ಕೂ ನೈಸ್, ನನ್ನ ಸೊಂಟಕ್ಕೂ ನೈಸ್. ಹೋಗ್ಲಿ, ಮೊನ್ನೆ ಮೇಷ್ಟ್ರು ಅವರಪ್ಪನ ತಿಥಿ ಅಂತ ಹಾಕಿದ್ರಲ್ಲ, ಅದಕ್ಕೇನಂದೆ?"

"ಆ ಫೋಟೋದಲ್ಲಿ ವಡೆ ಕಾಣಿಸ್ತಿತ್ತು ಕಣೋ."

ಮೇಷ್ಟ್ರು ಕೆಮ್ಮಿದರು. ಅವರು ಕೆಮ್ಮಿದರೆಂದರೆ ಹಿಂದೆಯೇ ನಿಘಂಟು ಬರುತ್ತದೆ. "ಶಾಮಣ್ಣ, ನೀನು ಸುಮ್ನೆ ಸಿಟ್ಟಾಗ್ತಿಲ್ಲ. ನೈಸ್ ಮೂಲದಲ್ಲಿ ಬೈಗುಳಾನೇ. ಲ್ಯಾಟಿನ್ನಿನಲ್ಲಿ ನೆಸ್ಕಿಯುಸ್. 'ನೆ' ಅಂದ್ರೆ ಇಲ್ಲ, 'ಸ್ಕೀರೆ' ಅಂದ್ರೆ ತಿಳಿಯೋದು. ಏನೂ ತಿಳೀದವನು ಅಂತ. ಅದು ಫ್ರೆಂಚಿಗೆ ಹೋಗಿ, ಅಲ್ಲಿಂದ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂತು. ಬಂದಾಗ ಅದರ ಅರ್ಥ ಪೆದ್ದ."

ಶಾಮಣ್ಣನ ಬೆನ್ನುನೋವು ಅಲ್ಲೇ ಅರ್ಧ ಇಳಿಯಿತು. "ಅಂದ್ರೆ ಇವನು ದಿನಾ ಬೆಳಿಗ್ಗೆ ಎದ್ದು, ಹಲ್ಲುಜ್ಜೋಕೂ ಮುಂಚೆ, ನಮ್ಮನ್ನೆಲ್ಲ ಪೆದ್ದ ಪೆದ್ದ ಅಂತಿದಾನೆ. ನಾವು ಥ್ಯಾಂಕ್ಸ್ ಹೇಳ್ತಿದೀವಿ."

"ಸೈನ್ಸ್ ಅನ್ನೋ ಪದಾನೂ ಅದೇ ಸ್ಕೀರೆಯಿಂದ ಹುಟ್ಟಿದ್ದು. ಒಂದೇ ಮನೆತನ."

"ತಿಳಿದ್ರೆ ಸೈನ್ಸ್, ತಿಳೀದಿದ್ರೆ ನೈಸ್. ನಾಗೇಶಿ, ಎಸ್ಸೆಸ್ಸೆಲ್ಸಿಲಿ ನಿಂಗೆ ಸೈನ್ಸಲ್ಲಿ ಎಷ್ಟು ಬಂದಿತ್ತು?"

ನಾಗೇಶಿ ಮಾತು ತಿರುಗಿಸಿದ. "ಪೆದ್ದ ಹೇಗೆ ಮೇಷ್ಟ್ರೇ ಒಳ್ಳೆಯವನಾದ?"

"ನಿಧಾನಕ್ಕೆ. ಪೆದ್ದನಿಂದ ಸಂಕೋಚದವನಾದ. ಆಮೇಲೆ ಎಲ್ಲದಕ್ಕೂ ಕೊಂಕು ತೆಗೆಯೋನಾದ. ಅಲ್ಲಿಂದ ನಾಜೂಕು, ಸೂಕ್ಷ್ಮ. 18ನೇ ಶತಮಾನದಲ್ಲಿ ಚೆನ್ನಾಗಿದೆ ಅನ್ನೋ ಅರ್ಥ ಬಂತು."

"ಪೆದ್ದ ಇಷ್ಟು ಮೇಲೆ ಬರಬೇಕಾದ್ರೆ ಎಲ್ಲೋ ಟಿಕೆಟ್ ಸಿಕ್ಕಿರಬೇಕು," ಎಂದ ಶಾಮಣ್ಣ.

"ಇನ್ನೊಂದು ತಮಾಷೆ ಇದೆ. ಸಿಲ್ಲಿ ಇದೆಯಲ್ಲ, ಹಳೇ ಇಂಗ್ಲಿಷಿನಲ್ಲಿ ಅದಕ್ಕೆ ಸುಖಿ, ಪುಣ್ಯವಂತ ಅಂತ ಅರ್ಥ. ಅದು ಕೆಳಗಿಳೀತಾ ಇಳೀತಾ ಪೆದ್ದ ಆಯ್ತು."

"ಓ! ಮೆಟ್ಟಿಲ ಮೇಲೆ ಇಬ್ಬರೂ ಎದುರಾಬದುರಾ ಸಿಕ್ಕಿರ್ತಾರೆ. ಪಾಪ, ಯಾರು ಯಾರಿಗೆ ದಾರಿ ಬಿಟ್ರೋ."

"ನಮ್ಮಲ್ಲಿ ಈ ತರಹದ ಅವಾಂತರ ಇಲ್ಲಪ್ಪ," ಎಂದ ನಾಗೇಶಿ.

"ಇಲ್ವಾ ಪುಣ್ಯಾತ್ಮ? ಈಗ ಪುಣ್ಯಾತ್ಮ ಅಂದಿದ್ದು ಹೊಗಳೋಕಾ? ಪಾಪ ಅಂತ ಈಗ ತಾನೇ ಅಂದೆ. ಯಾರು ಏನು ಪಾಪ ಮಾಡಿದ್ರು? ಮೇಷ್ಟ್ರೇ, ಮುಗ್ಧ ಅಂದ್ರೂ ಸಂಸ್ಕೃತದಲ್ಲಿ ಮಂಕು ಬಡಿದವನೇ ಅಲ್ವಾ? ನಾವು ಅದನ್ನ ಮಗುವಿನ ಕೆನ್ನೆಗೆ ಅಂಟಿಸಿದೀವಿ."

ಅಷ್ಟರಲ್ಲಿ ಅಡುಗೆಮನೆಯಿಂದ ವಿಶಾಲು ಕೂಗಿದಳು. "ರೀ, ಹಿಟ್ಟು ಜಾಸ್ತಿ ನೈಸಾಗೋಗಿದೆ. ದೋಸೆ ಗರಿಗರಿ ಬರದಿದ್ರೆ ನನ್ನನ್ನ ಅನ್ನಬೇಡಿ."

"ಇದು ಬೇರೆ ನೈಸ್," ಎಂದು ಶಾಮಣ್ಣ ಬೆರಳೆತ್ತಿದ. "ಇದು ನಮ್ಮದು. ಹಿಟ್ಟು ನೈಸು, ಸೀರೆ ನೈಸು. ನೈಸಾಗಿ ಮಾತಾಡಿ ಸಾಲ ತಗೊಳ್ಳೋದು, ವಾಪಸ್ ಕೊಡೋ ಹೊತ್ತಿಗೆ ನೈಸಾಗಿ ಜಾರಿಕೊಳ್ಳೋದು. ಯಾವ ಇಂಗ್ಲಿಷಿನವನಿಗೆ ಗೊತ್ತು ಈ ನೈಸು?"

"ಮತ್ತೆ ನನ್ನ ನೈಸ್ ಏನು ತಪ್ಪು ಮಾಡ್ತು?"

"ನಿಂದು ಚೆನ್ನಾಗಿದೆ ಅನ್ನೋದನ್ನೇ ನುಂಗಿಬಿಡ್ತು. ಧಾರವಾಡದಲ್ಲಿ ಚಲೋ ಅಂತಿದ್ರು, ಕುಂದಾಪುರದಲ್ಲಿ ಲಾಯ್ಕ್ ಅಂತಿದ್ರು, ನಮ್ಮಜ್ಜ ಪಸಂದಾಗಿದೆ ಅಂತಿದ್ದ. ಸೊಗಸು, ಚಂದ, ಭೇಷ್... ಎಲ್ಲಾ ಎಲ್ಲಿ ಹೋದವು?"

ಇಲ್ಲಿ ಮೇಷ್ಟ್ರು ಎಡವಟ್ಟು ಮಾಡಿದರು. "ಲಾಯ್ಕ್ ಅರಬ್ಬಿಯಿಂದ ಬಂದದ್ದು, ಪಸಂದು ಪಾರಸಿ," ಎಂದುಬಿಟ್ಟರು.

ನಾಗೇಶಿ ಮೊದಲ ಸಲ ಮೊಬೈಲ್ ಕೆಳಗಿಟ್ಟ. "ನೋಡಿದ್ಯಾ! ಅವರಿಗೆಲ್ಲ ಬಾಗಿಲು ತೆಗೆದೆ. ನೈಸ್ ಒಬ್ಬನಿಗೆ ಯಾಕೋ ಚಿಲಕ?"

"ಅವರು ಬಂದು ಜಗಲಿ ಮೇಲೆ ಕೂತ್ರು, ಮನೆಯವರೇ ಆದ್ರು. ಇವನು ಬಂದು ಮನೆಯವರನ್ನೆಲ್ಲ ಆಚೆಗೆ ಕಳಿಸಿ ಒಳಗಿಂದ ಚಿಲಕ ಹಾಕ್ಕೊಂಡಿದಾನೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಳಗೆ ಕಾವಲಿಯ ಮೇಲೆ ಮೊದಲ ದೋಸೆ ಚುಂಯ್ ಎಂದಿತು. ಶಾಮಣ್ಣ ಮೆಲ್ಲಗೆ ಬೆನ್ನು ಒರಗಿಸಿದ.

"ನುಣ್ಣಗೆ ಅಂತಿದ್ಲು ನಮ್ಮಮ್ಮ. ಒರಳಲ್ಲಿ ಉದ್ದು ರುಬ್ಬುವಾಗ ನನ್ನ ಕೈ ಹಿಡಿದು ಹಿಟ್ಟಿಗೆ ಅದ್ದೋಳು. ಹೆಬ್ಬೆರಳು, ತೋರುಬೆರಳು ಎರಡನ್ನೂ ಸೇರಿಸಿ ತಿಕ್ಕಿಸೋಳು. ತರಿ ಸಿಕ್ತಾ? ಸಿಕ್ತು ಅಂದ್ರೆ ಇನ್ನೊಂದು ಹತ್ತು ಸುತ್ತು. ಅವಳಿಗೆ ಕಣ್ಣಲ್ಲಿ ನೋಡಿದ್ರೇ ಗೊತ್ತಾಗ್ತಿತ್ತು, ಆದ್ರೂ ನನ್ನನ್ನೇ ಕೇಳ್ತಿದ್ಲು. ಹೆಬ್ಬೆರಳು ಇದ್ದದ್ದೇ ಅದಕ್ಕೆ ಅಂದ್ಕೊಂಡಿದ್ದೆ ನಾನು." ಒಂದು ನಿಮಿಷ ಬಿಟ್ಟು ಹೇಳಿದ. "ಅಪ್ಪ ಹತ್ತು ಇಡ್ಲಿ ತಿಂದು ಎದ್ದು, ಪರವಾಗಿಲ್ಲ ಅನ್ನೋರು. ಅಷ್ಟೇ. ಅಮ್ಮ ಸಂಜೇವರೆಗೂ ಏನೋ ಗುನುಗ್ತಾ ಇರೋಳು."

"ಪರವಾ ಕೂಡ ಪಾರ..." ಎಂದು ಶುರು ಮಾಡಿದ ಮೇಷ್ಟ್ರು ತಾವೇ ನಿಲ್ಲಿಸಿದರು.

ವಿಶಾಲು ದೋಸೆ ತಂದಿಟ್ಟಳು. ಗರಿಗರಿಯಾಗಿರಲಿಲ್ಲ, ಆದರೆ ಮೆತ್ತಗೆ, ಬಿಸಿಯಾಗಿತ್ತು. ನಾಗೇಶಿ ಬಾಯಿ ತುಂಬ ತುಂಬಿಕೊಂಡು "ನೈ..." ಎಂದವನು ಶಾಮಣ್ಣನ ಮುಖ ನೋಡಿ ನುಂಗಿಕೊಂಡ.

"ಏನಂದ್ರಿ ನಾಗೇಶಣ್ಣ? ಹೇಗಿದೆ?"

"ಪರವಾಗಿಲ್ಲ," ಎಂದ ನಾಗೇಶಿ, ಭಕ್ತಿಯಿಂದ.

ಅವನಿಗೆ ಎರಡನೇ ದೋಸೆ ಬರಲಿಲ್ಲ. ಚಟ್ನಿಯ ಬಟ್ಟಲೂ ಒಳಗೆ ಹೋಯಿತು.

ರಾತ್ರಿ ಗುಂಪಿನಲ್ಲಿ ಆ ಒಂದೇ ದೋಸೆಯ ಫೋಟೋ ಬಿತ್ತು. ಕೆಳಗೆ ಶಾಮಣ್ಣನ ಉತ್ತರ. ಮಾತಿಲ್ಲ, ಬರೀ ಒಂದು ಹೆಬ್ಬೆರಳು.