ಮಡಿಕೇರಿ ಕಡೆಯ ಹಳೇ ಕೋವಿ ಅಂಗಡಿ: ಮತ್ತೆ ಹೋದವರು ಇದ್ದೀರಾ?

ಕಾಫಿಗಿಡ: ಹದಿನೈದು ವರ್ಷ ಆದಮೇಲೆ ಅಪ್ಪನ ಜೊತೆ ಹೋದೆ. ಅಂಗಡಿಯವರು ನನ್ನ ಗುರುತು ಹಿಡಿಯಲಿಲ್ಲ, ಕೋವಿಯ ಗುರುತು ಹಿಡಿದರು! ಮಡಚಿ, ಎರಡೂ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ನಿಮ್ಮ ತಾತ ಇದ್ದಾಗ ಹೀಗೆ ತುಕ್ಕು ಹಿಡೀತಿರಲಿಲ್ಲ" ಅಂದರು. ಅಪ್ಪ ಸುಮ್ನೆ ಗೋಡೆ ನೋಡ್ತಾ ನಿಂತರು. ಇನ್ನು ಇದನ್ನು ನನ್ನ ಹೆಸರಿಗೆ ಮಾಡಿಸಬೇಕು. ಕೊಡವರಿಗೆ ಲೈಸೆನ್ಸ್ ಬೇಡ ಅಲ್ವಾ?

ಮಳೆನಾಡು: ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ವಿನಾಯಿತಿ 2029ರವರೆಗೆ ಇದೆ. ಹಾಗಂತ ಕಾಗದವೇ ಬೇಡ ಅಂತಲ್ಲ, ಡಿಸಿ ಕಚೇರಿಯಿಂದ ವಿನಾಯಿತಿ ಪತ್ರ ಮಾಡಿಸಿಕೊಳ್ಳಿ. ಅದಿಲ್ಲದೆ ತೋಟೆ (ಕೋವಿಯ ಗುಂಡು) ಕೇಳಿದರೆ ಅಂಗಡಿಯವರೇ ವಾಪಸ್ ಕಳಿಸ್ತಾರೆ.

ತೋಕ್‌ಪೂ: ಕೈಲ್‌ಪೋಳ್ದ್ ಹಬ್ಬ (ಕೊಡವರ ಆಯುಧಪೂಜೆ) ಹತ್ತಿರ ಬಂದಾಗ ಹೋಗಬೇಡಿ ಮಾರಾಯ್ರೆ. ಸೆಪ್ಟೆಂಬರ್ 3ಕ್ಕೆ ಪೂಜೆ ಅಂದರೆ, ವರ್ಷವಿಡೀ ಮೂಲೆಯಲ್ಲಿದ್ದ ಕೋವಿಗಳೆಲ್ಲ ಅದರ ಹಿಂದಿನ ವಾರವೇ ಎಣ್ಣೆ ಕಾಣೋದು. ನಮ್ಮೂರ ಅಂಗಡಿಯವರ ಬೆರಳಿನಿಂದ ಆ ವಾಸನೆ ಹೋಗೋದೇ ಇಲ್ಲ, ಕೊಟ್ಟ ಚಿಲ್ಲರೆಗೂ ಅದೇ ವಾಸನೆ.

ಕಾಫಿಗಿಡ: ಹೌದು, ಅದೇ ವಾಸನೆ! ಸೋಮವಾರ ಡಿಸಿ ಕಚೇರಿಗೆ ಹೋಗ್ತೀನಿ.